ಪಟ್ಟಿಯಕ್ಕನ ಎಡಗಾಲು

ಮುಖ ಮರೆತರೂ ಪಟ್ಟಿಯಕ್ಕ ಪಾದ ಮರೆಯುವವಳಲ್ಲ. ಬಸ್ಸಿನಲ್ಲಿ ಯಾರಾದರೂ "ಚೆನ್ನಾಗಿದೀರಾ ಅಕ್ಕಾ?" ಅಂದರೆ ಅವಳ ಕಣ್ಣು ಮೊದಲು ಇಳಿಯುವುದು ಅವರ ಚಪ್ಪಲಿಗೆ. ಹಿಮ್ಮಡಿಯ ಬಿರುಕೋ ಕಿರುಬೆರಳಿನ ಆಣಿಯೋ ಕಂಡ ಮೇಲೆಯೇ "ಓ, ನೀನಾ! ಗುಂಡಿ ಹೊಲಿಯೋ ಸಾಲಿನವಳು" ಅಂತ ಬಾಯಿ ತೆರೆಯುತ್ತಾಳೆ. ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಒಂಬೈನೂರು ಹೆಂಗಸರು. ಅಂದರೆ ಸಾವಿರದ ಎಂಟುನೂರು ಪಾದ. ಅದರಲ್ಲಿ ಅರ್ಧದಷ್ಟಾದರೂ ಒಂದಲ್ಲ ಒಂದು ದಿನ ಅವಳ ತೊಡೆಯ ಮೇಲೆ ಬಂದು ಕೂತಿವೆ.

ಅವಳು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಹೊಲಿದ ಬಟ್ಟೆಯ ದಾರದ ತುದಿ ಕತ್ತರಿಸುತ್ತಿದ್ದವಳು. ಇಪ್ಪತ್ತೆರಡು ವರ್ಷದ ಹಿಂದೆ ಕಂಪನಿಯವರು "ಇವಳ ಕೈ ನಡುಗಲ್ಲ" ಅಂತ ಏಳು ದಿನದ ಪ್ರಥಮ ಚಿಕಿತ್ಸೆಯ ತರಬೇತಿಗೆ ಕಳಿಸಿ, ವಾಪಸ್ ಬಂದದ್ದೇ ಮೆಟ್ಟಿಲ ಬುಡದ ಕೋಣೆಯಲ್ಲಿ ಕೂರಿಸಿದರು. ಒಂದು ಬೆಂಚು, ಒಂದು ಸ್ಟೂಲು, ಗಾಜಿನ ಕಪಾಟು, ಕಪಾಟಿನ ತುಂಬ ಅಂಟುವ ಬಿಳಿ ಪಟ್ಟಿಯ ಸುರುಳಿಗಳು. ನೆಲದ ಮೇಲೆ ಹತ್ತು ಹೆಜ್ಜೆ ಅಂತರದಲ್ಲಿ ಎರಡು ಹಳದಿ ಗೆರೆ. ಕಾಲು ಉಳುಕಿಸಿಕೊಂಡು ಬಂದವಳಿಗೆ ಪಟ್ಟಿ ಸುತ್ತಬೇಕು. ಆಮೇಲೆ ಅವಳು ಸೂಪರ್‌ವೈಸರ್ ಕಣ್ಣೆದುರು ಈ ಗೆರೆಯಿಂದ ಆ ಗೆರೆಗೆ ನಡೆದು ತೋರಿಸಬೇಕು. ನಡೆದರೆ ಮೆಷಿನ್ನಿಗೆ. ನಡೆಯದಿದ್ದರೆ ಮನೆಗೆ. "ವಾಸಿಯಾದ ಮೇಲೆ ಕರೆಸ್ತೀವಮ್ಮಾ." ಹಾಗೆ ಮನೆಗೆ ಹೋಗಿ ಮತ್ತೆ ಕರೆ ಬಂದವರನ್ನು ಪಟ್ಟಿಯಕ್ಕ ಬೆರಳಲ್ಲಿ ಎಣಿಸಬಲ್ಲಳು, ಅದೂ ಒಂದೇ ಕೈಯ ಬೆರಳಲ್ಲಿ. ಅದಕ್ಕೇ ಎಲ್ಲರೂ ನಡೆಯುತ್ತಿದ್ದರು. ಹಲ್ಲು ಕಚ್ಚಿ ನಡೆಯುತ್ತಿದ್ದರು. ಕೆಲವರಂತೂ ನೋವು ಮುಖಕ್ಕೆ ಬಾರದಿರಲಿ ಅಂತ ನಗುತ್ತಾ ನಡೆಯುತ್ತಿದ್ದರು.

ನಡೆದವಳ ಸಂಗತಿ ರಿಜಿಸ್ಟರಿಗೆ ಏರುವುದಿಲ್ಲ. ಕೆಲಸಕ್ಕೆ ವಾಪಸ್ ಹೋದಳು ಅಂದಮೇಲೆ ಅದು ಅಪಘಾತವೇ ಅಲ್ಲ, ಮನೆಗೆ ಹೋದವಳದು ಬರೀ ರಜೆ ಅನ್ನುವುದು ಕಂಪನಿಯ ಲೆಕ್ಕಾಚಾರ. ಗೇಟಿನ ಪಕ್ಕ ಹಸಿರು ಬೋರ್ಡು ನಿಂತಿದೆ: "ಅಪಘಾತವಿಲ್ಲದ ದಿನಗಳು: 1212". ಬೋರ್ಡಿಗೆ ಕಾಲಿಲ್ಲ, ಹಾಗಾಗಿ ಅದು ಒಮ್ಮೆಯೂ ಎಡವಿಲ್ಲ. ಬಟ್ಟೆ ಕೊಳ್ಳುವವರು ದೂರದಿಂದ ಬಂದಾಗ ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಪಘಾತವೇ ಇಲ್ಲದ ಕಾರ್ಖಾನೆಯಲ್ಲಿ ತಿಂಗಳಿಗೆ ಎರಡು ಡಬ್ಬ ಪಟ್ಟಿ ಯಾರ ಕಾಲಿಗೆ ಹೋಗುತ್ತದೆ ಅಂತ ಕೇಳಿದ ಒಬ್ಬ ಪುಣ್ಯಾತ್ಮನೂ ಆ ಫೋಟೋಗಳಲ್ಲಿ ಇಲ್ಲ.

ಪಟ್ಟಿಯಕ್ಕನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದೂ ಒಂದು ಕಸುಬು. ಪಟ್ಟಿ ಸುತ್ತುವುದಕ್ಕಿಂತ ಬೇಗ ಕೈಗೆ ಹತ್ತುತ್ತದೆ.

ಆ ಶನಿವಾರ ಸಂಜೆ ಪಾಳಿ ಬಿಟ್ಟ ಮೇಲೆ ಅವಳು ಎರಡನೇ ಮಹಡಿಯ ಗೋಡೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಅರಳೆ ತುಂಬಿಸಿ ಇಳಿಯುತ್ತಿದ್ದಳು. ಮೆಟ್ಟಿಲ ಮೇಲೆ ತುಂಡುಬಟ್ಟೆಯ ಗಂಟು ಇಡಬೇಡಿ ಅಂತ ಅವಳೇ ನಾಲ್ಕು ಸಲ ಹೇಳಿದ್ದಳು. ಐದನೇ ಸಲ ಹೇಳುವ ಮುಂಚೆ ಅವಳ ಎಡಗಾಲೇ ಗಂಟಿನ ಅಂಚಿಗೆ ಬಿದ್ದು, ಅಂಗಾಲು ಒಳಕ್ಕೆ ಮಡಚಿ, "ಚಟಕ್" ಅಂದಿತು. ಅವಳು ಅಮ್ಮಾ ಅನ್ನಲಿಲ್ಲ. ಸುತ್ತ ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ನೋವು ಬಂತು. ಈ ಕ್ರಮವನ್ನು ಗಮನಿಸಿ: ಮೊದಲು ಭಯ, ಆಮೇಲೆ ನೋವು. ಇಪ್ಪತ್ತೆರಡು ವರ್ಷ ದುಡಿದವಳಿಗೆ ಕಂಪನಿ ಕಲಿಸಿದ್ದು ಇದನ್ನೇ. ಮೆಟ್ಟಿಲ ಕಂಬಿ ಹಿಡಿದು ಇಳಿದು, ಕಾವಲುಗಾರನ ಕಡೆ ಬೆನ್ನು ತಿರುಗಿಸಿ, ಫೋನು ನೋಡುವವಳ ಹಾಗೆ ನಿಂತು ನಿಂತು ಗೇಟು ದಾಟಿದಳು.

ಭಾನುವಾರ ಬೆಳಿಗ್ಗೆ ಎದ್ದಾಗ ಪಾದದ ಗಿಣ್ಣು ಬನ್ನಿನ ಹಾಗೆ ಉಬ್ಬಿತ್ತು. ಮೂರನೇ ಮಹಡಿಯ ಒಂದೇ ಕೋಣೆ ಅವಳದು. ಹಾಸಿಗೆಯಿಂದ ಒಲೆಗೆ ಐದು ಹೆಜ್ಜೆ, ಒಲೆಯಿಂದ ಬಚ್ಚಲಿಗೆ ನಾಲ್ಕು. ಅಷ್ಟು ಚಿಕ್ಕ ಮನೆ ಅಂತ ದಿನಾ ಬೈದುಕೊಳ್ಳುತ್ತಿದ್ದವಳಿಗೆ ಅವತ್ತು ಅದು ಮೈದಾನವಾಗಿತ್ತು. ಕುಂಡಿಯ ಮೇಲೆ ಜರುಗಿ ಜರುಗಿ ನೀರು ತಂದಳು. ಒದ್ದೆ ಬಟ್ಟೆ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಕಿಟಕಿ ನೋಡುತ್ತಾ ಮಲಗಿದಳು. ಕಿಟಕಿಯಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು ಬಿಟ್ಟರೆ ಇನ್ನೇನೂ ಇಲ್ಲ.

ಹತ್ತು ಗಂಟೆಗೆ ತಮ್ಮನ ಫೋನು ಬಂತು. ಬೇರೆ ಊರಿನ ತಮ್ಮ. ವಾರಕ್ಕೊಂದು ಸಲ, ಎರಡು ನಿಮಿಷ.

"ಅಕ್ಕಾ, ಹೇಗಿದೀಯಾ?"

"ನನಗೇನೋ, ಗುಂಡುಕಲ್ಲು."

"ದನಿ ಯಾಕೆ ಕೂತಿದೆ?"

"ನಿನ್ನೆಯಿಂದ ಯಾರ ಹತ್ರಾನೂ ಮಾತಾಡಿಲ್ಲ ಕಣೋ, ತುಕ್ಕು ಹಿಡಿದಿದೆ."

ತಮಾಷೆ ಅಂದುಕೊಂಡು ತಮ್ಮ ಜೋರಾಗಿ ನಕ್ಕ. ಹಿಂದಿನಿಂದ ಅವನ ಹೆಂಡತಿ ಏನೋ ಕೂಗಿದಳು. "ಇಡ್ತೀನಕ್ಕಾ, ಹುಷಾರು" ಅಂದ. ಹುಷಾರು ಅಂದಮೇಲೆ ಹೇಳಬೇಕಾದ್ದು ಏನೂ ಉಳಿಯುವುದಿಲ್ಲ.

ಗಂಡ ಹೋಗಿ ಹದಿನಾಲ್ಕು ವರ್ಷ. ಮಕ್ಕಳಿಲ್ಲ. ವಯಸ್ಸು ಐವತ್ತಾರು. ನಾಳೆ ಎಂಟಕ್ಕೆ ಕುಂಟುತ್ತಾ ಗೇಟಿಗೆ ಹೋದರೆ ಕಾವಲುಗಾರ ಅವಳನ್ನು ಅವಳದೇ ಕೋಣೆಗೆ ಕಳಿಸುತ್ತಾನೆ, ಅವಳದೇ ಗೆರೆಗಳ ಮೇಲೆ ನಡೆಸುತ್ತಾರೆ. ಹತ್ತು ಹೆಜ್ಜೆ ನಡೆಯಲಾಗದಿದ್ದರೆ ಆ ಸ್ಟೂಲಿನ ಮೇಲೆ ಮಧ್ಯಾಹ್ನದೊಳಗೆ ಇನ್ನೊಬ್ಬಳು ಕೂರುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಆ ಸ್ಟೂಲು. ಯಾಕೆಂದರೆ ಇಡೀ ಭೂಮಿಯ ಮೇಲೆ ಒಬ್ಬರು ಅವಳ ಎದುರಿಗೆ ಬಂದು ಕೂತು, ಕಾಲು ಚಾಚಿ, "ಅಕ್ಕಾ, ನೋಡಿ" ಅನ್ನುವ ಜಾಗ ಅದೊಂದೇ.

ಸಂಜೆಯ ಹೊತ್ತಿಗೆ ಊತ ಸ್ವಲ್ಪ ಇಳಿಯಿತು. ಚೀಲದಲ್ಲಿ ಯಾವಾಗಲೂ ಇರುವ ಸುರುಳಿಯನ್ನು ತೆಗೆದಳು. ಕಾಲು ಒರೆಸಿದಳು. ಮೊದಲನೇ ಕಷ್ಟ ಅಲ್ಲೇ ಎದುರಾಯಿತು. ಪಟ್ಟಿ ಹಾಕುವಾಗ ಪಾದ ಕೆಳಗೆ ಜೋತಾಡಬಾರದು. ಬೆರಳುಗಳು ಮೂಗಿನ ಕಡೆಗೆ, ಪಾದ ಗೋಡೆಯ ಹಾಗೆ ನೆಟ್ಟಗೆ ನಿಂತಿರಬೇಕು. ಬೇರೆಯವರದಾದರೆ ತೊಡೆಯ ಮೇಲಿಟ್ಟು ಹೊಟ್ಟೆಯಿಂದ ಒತ್ತಿ ಹಿಡಿಯುತ್ತಿದ್ದಳು. ತನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟು ನೆಟ್ಟಗೆ ಹಿಡಿಯಲು ಮನುಷ್ಯರಿಗೆ ಮೂರನೇ ಕೈ ಬೇಕು. ಕೊನೆಗೆ ಟವೆಲ್ಲನ್ನು ಅಂಗಾಲಿನ ಮುಂಭಾಗಕ್ಕೆ ಸಿಕ್ಕಿಸಿ, ಎರಡು ತುದಿಯನ್ನೂ ಹಲ್ಲಿನಲ್ಲಿ ಕಚ್ಚಿ ಎಳೆದು ಕೂತಳು. ಕಡಿವಾಣ ಹಾಕಿಸಿಕೊಂಡ ಕುದುರೆಯ ಹಾಗೆ.

ಕಾಲಿನ ಸುತ್ತ, ಗಿಣ್ಣಿನಿಂದ ಒಂದು ಗೇಣು ಮೇಲೆ, ಪಟ್ಟಿಯ ಒಂದು ಬಳೆ ಸುತ್ತಿದಳು. ಆಮೇಲೆ ಕೈ ತನ್ನಷ್ಟಕ್ಕೆ ತಾನು ಓಡಿತು. ಎಡಗಾಲಾದರೆ ಎಡಗೈ ಕಡೆಯಿಂದ ಶುರು, ಹಿಮ್ಮಡಿಯ ಕೆಳಗೆ ಹಾಯಿಸಿ ಬಲಗೈ ಕಡೆಗೆ ಎಳೆದು ಮೇಲಕ್ಕೆ. ಸಾವಿರ ಸಲ ಮಾಡಿದ್ದು. ಅರ್ಧರ್ಧ ಮೇಲೆ ಬರುವ ಹಾಗೆ ಮೂರು ಪಟ್ಟಿ. ಪಾದದ ಮೇಲೆ ಅಡ್ಡಡ್ಡ ಸುತ್ತಿ ಮುಗಿಸಿ, ಉಗುರು ಒತ್ತಿ, ಬಿಟ್ಟಾಗ ಕೆಂಪು ವಾಪಸ್ ಬಂತೋ ನೋಡಿದಳು. ಬಂತು. ಇಷ್ಟು ನೀಟಾಗಿ ತಾನು ಯಾರಿಗೂ ಸುತ್ತಿಲ್ಲ ಅನ್ನಿಸಿತು. ಗೋಡೆ ಹಿಡಿದು ಎದ್ದಳು. ಗೋಡೆ ಬಿಟ್ಟಳು. ಮೊದಲ ಹೆಜ್ಜೆಗೇ ಪಾದ ನಿನ್ನೆಯ ಹಾಗೇ ಒಳಕ್ಕೆ ಮಡಚಿತು, ಅವಳು ಮರದ ಮಂಚಕ್ಕೆ ಮೊಣಕೈ ಬಡಿದು ದೊಪ್ಪನೆ ಬಿದ್ದಳು.

ಬಿದ್ದ ಒಂದು ಗಳಿಗೆಗೆ ಕೆಳಗಿನಿಂದ ಯಾರೋ ಸೂರಿಗೆ ಕುಟ್ಟಿದರು. ಟಕ್ ಟಕ್ ಟಕ್.

ಕೆಳಗೆ ಇರುವವಳು ಇಸ್ತ್ರಿಯವಳು. ಆ ಕೋಣೆಯನ್ನು ಅವಳಿಗೆ ಹುಡುಕಿಕೊಟ್ಟವಳು ಪಟ್ಟಿಯಕ್ಕನೇ. ಆಗ ಅವಳು ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿದ್ದಳು. ಇಬ್ಬರೂ ಒಂದೇ ಬಸ್ಸು, ಒಂದೇ ಡಬ್ಬಿಯ ಊಟ; ನೋಡಿದವರು ಅಕ್ಕ-ತಂಗಿ ಅನ್ನುತ್ತಿದ್ದರು. ಮೂರು ವರ್ಷದ ಹಿಂದೆ ಅವಳು ಹಬೆಯ ಪೈಪಿಗೆ ಎಡವಿ ಬಿದ್ದು ಕಾಲು ಹಿಡಿದುಕೊಂಡು ಬಂದಳು. "ನೋವು ಮೂಳೆಯೊಳಗೇ ಇದೆ ಅಕ್ಕಾ" ಅಂದಳು. ಪಟ್ಟಿಯಕ್ಕ ಗಟ್ಟಿಯಾಗಿ ಸುತ್ತಿ, "ನಡೀ ನೋಡೋಣ" ಅಂದಳು. ಅವಳು ನಡೆದಳು. "ನೋಡಿದ್ಯಾ, ಏನೂ ಆಗಿಲ್ಲ" ಅಂದಳು ಪಟ್ಟಿಯಕ್ಕ, ಸಮಾಧಾನಕ್ಕೆ ಅಂತ. ಏನೂ ಆಗದ ಆ ಕಾಲಿನ ಮೇಲೆ ಅವಳು ದಿನಕ್ಕೆ ಹತ್ತು ಗಂಟೆಯ ಹಾಗೆ ಹನ್ನೊಂದು ದಿನ ನಿಂತು ಇಸ್ತ್ರಿ ಮಾಡಿದಳು. ಹನ್ನೆರಡನೇ ದಿನ ಆಸ್ಪತ್ರೆಯವರು ಎಕ್ಸ್‌ರೇ ತೆಗೆದು, ಮುರಿದ ಮೂಳೆ ಸೊಟ್ಟಗೆ ಕೂಡುತ್ತಿದೆ ಅಂದರು. ಕೆಲಸ ಹೋಯಿತು. ಈಗ ಮನೆಯಲ್ಲೇ ಅಕ್ಕಪಕ್ಕದವರ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಅವತ್ತಿನಿಂದ ಇವತ್ತಿನವರೆಗೆ ಇಬ್ಬರ ನಡುವೆ ಒಂದು ಮಾತಿಲ್ಲ. ಇರುವುದು ಸದ್ದು ಮಾತ್ರ. ಮೆಟ್ಟಿಲ ಮೇಲೆ ಅವಳ ಹೆಜ್ಜೆ: ಟಕ್, ದುಮ್. ಟಕ್, ದುಮ್. ಬಾಗಿಲು ಮುಚ್ಚಿದರೂ, ರೇಡಿಯೋ ಹಾಕಿದರೂ ಪಟ್ಟಿಯಕ್ಕನಿಗೆ ಅದು ಕೇಳುತ್ತದೆ.

ಆ ಸದ್ದು ಈಗ ಮೇಲಕ್ಕೆ ಬರುತ್ತಿತ್ತು. ಟಕ್, ದುಮ್. ಬಾಗಿಲು ತಳ್ಳಿದವಳು ಹೊಸ್ತಿಲ ಆಚೆಯೇ ನಿಂತಳು.

"ಏನ್ರೀ ಅದು, ಬೀರು ಬಿತ್ತಾ?"

"ನಾನೇ ಬಿದ್ದೆ."

ಇಸ್ತ್ರಿಯವಳು ಕಾಲು ನೋಡಿದಳು, ಸುರುಳಿ ನೋಡಿದಳು, ಮತ್ತೆ ಕಾಲು ನೋಡಿದಳು. ತುಟಿಯ ಒಂದು ಕೊನೆ ಮೇಲೆ ಹೋಯಿತು.

"ಏಳಿ. ಹತ್ತು ಹೆಜ್ಜೆ ನಡೆದು ತೋರ್ಸಿ ನೋಡೋಣ."

ಪಟ್ಟಿಯಕ್ಕ ತಲೆ ಎತ್ತಲಿಲ್ಲ. ಈ ಮಾತು ಒಂದು ದಿನ ಬರುತ್ತದೆ ಅಂತ ಮೂರು ವರ್ಷದಿಂದ ಕಾದಿದ್ದಳು. ತಾನು ನೆಲದ ಮೇಲೆ ಕೂತಿರುವಾಗ ಬರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

"ಅಯ್ಯೋ, ಉಲ್ಟಾ ಸುತ್ತಿದೀರಲ್ರೀ!" ಅಂದಳು ಇಸ್ತ್ರಿಯವಳು, ಸಿಟ್ಟು ಮರೆತು. "ಹೊರಗಿಂದ ಒಳಕ್ಕೆ ಎಳೆದಿದೀರಿ. ಉಳುಕಿರೋದು ಯಾವ ಕಡೆಗೋ ಅದೇ ಕಡೆಗೆ ಎಳೆದು ಕಟ್ಟಿದೀರಿ. ಬೀಳದೆ ಇನ್ನೇನು?"

ಪಟ್ಟಿಯಕ್ಕ ನೋಡಿದಳು. ಹೌದು. ಇಪ್ಪತ್ತೆರಡು ವರ್ಷ ಎದುರಿಗೆ ಕೂತು ಸುತ್ತಿದ ಕೈ ಅದು. ಎದುರಿನವಳ ಎಡಗಾಲಿನ ಹೊರಮೈ ತನ್ನ ಬಲಕ್ಕೆ ಬರುತ್ತದೆ; ತನ್ನ ಎಡಗಾಲಿನದು ಎಡಕ್ಕೆ. ಕೈಗೆ ಅದು ಗೊತ್ತಿರಲಿಲ್ಲ. ಕಾಲನ್ನು ಕಾಲಿನವಳ ಕಡೆಯಿಂದ ಅವಳು ಒಮ್ಮೆಯೂ ನೋಡಿರಲಿಲ್ಲ.

"ನಿನಗೆ ಹೇಗೆ ಗೊತ್ತು?"

"ದಿನಾ ಬೆಳಿಗ್ಗೆ ನಾನೇ ಸುತ್ಕೊಳ್ತೀನಲ್ಲ. ಮೂರು ವರ್ಷ ಆಯ್ತು. ನನಗೆ ಯಾವ ಕಂಪನಿಯೂ ಏಳು ದಿನ ತರಬೇತಿ ಕೊಡಲಿಲ್ಲ."

ಪಟ್ಟಿಯಕ್ಕ ಸುರುಳಿಯನ್ನು ಅವಳ ಕಡೆ ಚಾಚಿದಳು. ಕೇಳಲು ಬಾಯಿ ಬರಲಿಲ್ಲ, ಕೈ ಕೇಳಿತು.

"ಊಹೂಂ. ನಾನು ಮುಟ್ಟಲ್ಲ." ಇಸ್ತ್ರಿಯವಳು ಬಾಗಿಲ ಚೌಕಟ್ಟಿಗೆ ಒರಗಿ, ಸೊಟ್ಟ ಕಾಲಿನ ಭಾರ ಇಳಿಸಿದಳು. "ಹೇಳ್ತೀನಿ. ನೀವೇ ಮಾಡ್ಕೊಳ್ಳಿ. ಮೊದಲು ಅದನ್ನ ಬಿಚ್ಚಿ. ಬಿಚ್ಚಿದ ಮೇಲೆ ಮೂಳೆ ಒತ್ತಿ ನೋಡಿ."

"ಮೂಳೆ?"

"ಹೊರಗಡೆ ಗಿಣ್ಣಿನ ಹಿಂದಿನ ಅಂಚು. ಬೆರಳಿಟ್ಟು ಕೆಳಗಿಂದ ಮೇಲಕ್ಕೆ ಒತ್ಕೊಂಡು ಬನ್ನಿ. ಆಮೇಲೆ ಒಳಗಡೆದು. ಆಮೇಲೆ ಪಾದದ ಹೊರಅಂಚಿನ ಮಧ್ಯದ ಗಂಟು. ಮೂಳೆ ಮೇಲೇ ಜೀವ ಹೋಗೋ ಹಾಗೆ ನೋಯುತ್ತೆ ಅಂದ್ರೆ, ನಾಲ್ಕು ಹೆಜ್ಜೆ ಕೂಡ ಊರೋಕೆ ಆಗಲ್ಲ ಅಂದ್ರೆ, ಪಟ್ಟಿ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ. ಮಾಂಸದಲ್ಲಿ ನೋವಿದ್ರೆ ಉಳುಕು. ಡಾಕ್ಟರು ನನಗೆ ಹೇಳಿದ್ದು. 'ನಿಮ್ಮ ಕಂಪನೀಲಿ ಒಂದು ಬೆರಳಿಟ್ಟು ಒತ್ತಿ ನೋಡೋರು ಯಾರೂ ಇರಲಿಲ್ವೇನಮ್ಮಾ?' ಅಂತ ಕೇಳಿದ್ರು."

ಪಟ್ಟಿಯಕ್ಕನಿಗೆ ಇದು ಹೊಸದಲ್ಲ. ತರಬೇತಿಯಲ್ಲಿ ಕೊಟ್ಟ ಹಾಳೆಯಲ್ಲಿ ಐದು ಸಾಲಿತ್ತು. ಎರಡನೇ ಸಾಲು ಇದೇ: ಮೂಳೆಯನ್ನು ಒತ್ತಿ ನೋಡುವುದು. ಅವತ್ತಿನ ಮ್ಯಾನೇಜರು ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ್ದರು. "ಒತ್ತಿದ್ರೆ ಎಲ್ಲರೂ ಅಮ್ಮಾ ಅಂತಾರೆ. ಆಮೇಲೆ ಹೊಲಿಯೋರು ಯಾರು?" ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ಗೋಡೆಗೆ ಅಂಟಿಸಿದ ಹೊಸ ಹಾಳೆಯಲ್ಲಿ ನಾಲ್ಕೇ ಸಾಲು.

ಬಿಚ್ಚಿದಳು. ಬೆರಳಿಟ್ಟು ಒತ್ತಿದಳು. ಹೊರಗಿನ ಗಿಣ್ಣು, ಒಳಗಿನ ಗಿಣ್ಣು, ಪಾದದ ಅಂಚಿನ ಗಂಟು. ಮೂಳೆ ನೋಯಲಿಲ್ಲ. ಅದರ ಮುಂದಿನ ಮೆತ್ತನೆ ಜಾಗದಲ್ಲಿ ಮಾತ್ರ ಪ್ರಾಣ ಹೋಗುವಂತಿತ್ತು. ಗೋಡೆ ಹಿಡಿದು ಎದ್ದು, ಸ್ವಲ್ಪ ಸ್ವಲ್ಪವೇ ಭಾರ ಹಾಕಿ ನಾಲ್ಕು ಹೆಜ್ಜೆ ಊರಿದಳು. ಊರಲು ಆಯಿತು. ಬರೀ ಉಳುಕು. ಒತ್ತಿ ನೋಡಿ ಮುಗಿಸಲು ಹಿಡಿದದ್ದು, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

ಅಷ್ಟೇ ಹೊತ್ತು. ಅವಳು ಕೂತು ಅಳತೊಡಗಿದಳು. ನೋವಿಗೆ ಅಂತ ಇಸ್ತ್ರಿಯವಳು ಅಂದುಕೊಳ್ಳಲಿಲ್ಲ. ಹತ್ತಿರ ಬರಲಿಲ್ಲ.

"ಆಯ್ತಾ?" ಅಂದಳು ಸ್ವಲ್ಪ ಹೊತ್ತಿನ ಮೇಲೆ. "ಕಾಲು ಒರೆಸ್ಕೊಳ್ಳಿ, ಕಣ್ಣೀರು ಬಿದ್ರೆ ಪಟ್ಟಿ ಅಂಟಲ್ಲ. ಟವೆಲ್ ಕಚ್ಕೊಳ್ಳಿ. ಬಾಯಿಗೆ ಬಟ್ಟೆ ಕಚ್ಚಿದ ಮೇಲೆ ಅಯ್ಯೋ ಅನ್ನೋಕೂ ಆಗಲ್ಲ, ನಿಮ್ಮ ಕಂಪನಿಗೆ ಹೇಳಿ ಮಾಡಿಸಿದ ಉಪಾಯ."

ಟವೆಲ್ಲಿನ ಹಿಂದೆ ಪಟ್ಟಿಯಕ್ಕನಿಗೆ ನಗು ಬಂತು. ಇಸ್ತ್ರಿಯವಳಿಗೆ ಬರಲಿಲ್ಲ.

"ಒಳಗಿನ ಗಿಣ್ಣಿಂದ ಶುರು. ಹಿಮ್ಮಡಿ ಕೆಳಗೆ. ಹೊರಕ್ಕೆ ಎಳೆದು ಮೇಲೆ. ಎಳೆಯೋವಾಗ ಕಿರುಬೆರಳು ಮೇಲೆದ್ದ ಹಾಗೆ ಕಾಣಬೇಕು. ಹಾಂ. ಕೈಯ ಮಾತು ಕೇಳಬೇಡಿ, ಕಾಲಿನ ಮಾತು ಕೇಳಿ. ಇನ್ನೊಂದು. ಅಷ್ಟು ಬಿಗಿ ಬೇಡ, ಊತಕ್ಕೂ ಜಾಗ ಬೇಕು."

ಮುಗಿಯಿತು. ಪಟ್ಟಿಯಕ್ಕ ಎದ್ದು ನಿಂತಳು. ಪಾದ ನೆಟ್ಟಗೆ ನಿಂತಿತು.

"ಎರಡು ದಿನ ಕಾಲೂರಬಾರದು" ಅಂದಳು ಇಸ್ತ್ರಿಯವಳು.

"ನಾಳೆ ಎಂಟಕ್ಕೆ ನಡೀಬೇಕು."

"ನಡೀರಿ. ನಾನೂ ನಡೆದಿದ್ದೆ." ಟಕ್, ದುಮ್. ಸದ್ದು ಕೆಳಗಿಳಿಯಿತು.

ಸೋಮವಾರ ಕಾವಲುಗಾರನ ಕಣ್ಣಿಗೆ ಅವಳ ನಡಿಗೆ ಬಿತ್ತು. ಸೂಪರ್‌ವೈಸರ್ ಕಾಫಿ ಲೋಟ ಹಿಡಿದೇ ಬಂದ. "ಏನಕ್ಕಾ, ವೈದ್ಯರಿಗೇ ಕಾಯಿಲೆನಾ? ನಡೀರಿ, ನಿಮ್ಮ ಗೆರೆ ನಿಮಗೇ." ಅವಳು ನಡೆದಳು. ಆರನೇ ಹೆಜ್ಜೆಗೆ ಬೆನ್ನು ಬೆವರಿತು, ಎಂಟನೆಯದಕ್ಕೆ ಕಣ್ಣು ಮಂಜಾಯಿತು. ಹತ್ತನೆಯದು ಗೆರೆಯ ಮೇಲೆ ಬಿತ್ತು. ಪಟ್ಟಿ ಹಿಡಿದಿತ್ತು.

"ನೋಡಿದ್ರಾ?" ಅಂದ ಸೂಪರ್‌ವೈಸರ್. "ಏನೂ ಆಗಿಲ್ಲ."

ಸ್ಟೂಲು ಉಳಿಯಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಉಳಿಯುತ್ತಿತ್ತು. ಆದರೆ ಆ ಎರಡು ಶಬ್ದ ಅವಳವೇ. ಮೂರು ವರ್ಷದ ಹಿಂದೆ ಇದೇ ನೆಲದ ಮೇಲೆ, ಇದೇ ಗೆರೆಯ ಮೇಲೆ ನಿಂತವಳಿಗೆ ಅವಳು ಕೊಟ್ಟಿದ್ದು. ಈಗ ತನ್ನ ಕಿವಿಯಲ್ಲಿ ಬಿದ್ದ ಮೇಲೆ ಅದರ ರುಚಿ ಗೊತ್ತಾಯಿತು.

ಅವಳು ಕಪಾಟಿನ ಮೇಲಿನ ರಿಜಿಸ್ಟರು ತೆಗೆದಳು. ಧೂಳು ಕೊಡವಿ ಬರೆಯತೊಡಗಿದಳು. ಶನಿವಾರ ಸಂಜೆ, ಮೆಟ್ಟಿಲು, ತುಂಡುಬಟ್ಟೆಯ ಗಂಟು, ಎಡಗಾಲು, ಪ್ರಥಮ ಚಿಕಿತ್ಸೆಯ ಹೆಂಗಸು.

"ಅಕ್ಕಾ, ಏನ್ ಮಾಡ್ತಿದೀರಾ? ನಡೆದ್ರಲ್ಲ! ನಡೆದ ಮೇಲೆ ಬರೆಯೋಕೆ ಏನಿದೆ?"

"ನಡೆದಿದ್ದು ಪಟ್ಟಿ. ಕಾಲಲ್ಲ."

ಕೆಳಗಿನ ಸಾಲಿನಲ್ಲಿ ಮೂರು ವರ್ಷ ಹಳೆಯ ತಾರೀಖು ಹಾಕಿದಳು. ಇಸ್ತ್ರಿ ವಿಭಾಗ. ಹಬೆಯ ಪೈಪು. ಮೂಳೆ ಮುರಿತ. ಮೂಳೆ ಒತ್ತಿ ನೋಡಲಿಲ್ಲ ಅಂತಲೂ ಬರೆದಳು, ನೋಡದವರು ಯಾರು ಅಂತಲೂ ಬರೆದಳು. ಪುಟಪುಟಕ್ಕೂ ಅಚ್ಚಾದ ಸಂಖ್ಯೆ ಇರುವ ಪುಸ್ತಕ ಅದು, ಹರಿದರೆ ಗೊತ್ತಾಗುತ್ತದೆ. ಸೂಪರ್‌ವೈಸರ್ ಲೋಟ ಕೆಳಗಿಟ್ಟು ಮ್ಯಾನೇಜರ ಹತ್ತಿರ ಓಡಿದ. ಬೋರ್ಡಿನ ಅಂಕಿಗೇ ಕೈ ಹಾಕಿದವಳ ಇಪ್ಪತ್ತೆರಡು ವರ್ಷ ಯಾವ ಲೆಕ್ಕ? ಅರ್ಧ ಗಂಟೆಯಲ್ಲಿ ಮಾತು ಬಂತು, ಬಹಳ ಮೆದುವಾಗಿ ಬಂತು: "ಪಾಪ, ಕಾಲು ನೋಯ್ತಿದೆಯಲ್ಲ, ಮನೆಗೆ ಹೋಗಿ. ವಾಸಿಯಾದ ಮೇಲೆ ಕರೆಸ್ತೀವಿ." ಅವಳು ಗೇಟು ದಾಟುವಾಗ ಕಾವಲುಗಾರ ಕುರ್ಚಿ ಹತ್ತಿ ಬೋರ್ಡಿನ ಅಂಕಿಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಹಸಿರು ಹಲಗೆಯ ಮೇಲೆ ಒಂದು ಸೊನ್ನೆ ಉಳಿಯಿತು.

ಮನೆಗೆ ಬಂದಾಗ ಎರಡನೇ ಮಹಡಿಯ ಬಾಗಿಲು ಅರ್ಧ ತೆರೆದಿತ್ತು. ಇಸ್ತ್ರಿಯವಳು ಒಂದು ಅಂಗಿಯ ಕಾಲರ್ ಮೇಲೆ ಬಾಗಿದ್ದಳು. ಪಟ್ಟಿಯಕ್ಕ ಹೊಸ್ತಿಲ ಆಚೆಯೇ ನಿಂತಳು.

"ಬರೆದೆ" ಅಂದಳು. "ನಂದೂ. ನಿಂದೂ."

ಇಸ್ತ್ರಿಪೆಟ್ಟಿಗೆ ಕಾಲರಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂತು.

"ಬರೆದ್ರೆ? ನನ್ನ ಕಾಲು ನೆಟ್ಟಗಾಯ್ತಾ?"

"ಇಲ್ಲ."

"ಮತ್ತೆ?"

ಪಟ್ಟಿಯಕ್ಕ ಮೆಟ್ಟಿಲ ಕಂಬಿ ಹಿಡಿದು ತನ್ನ ಮಹಡಿಗೆ ಹತ್ತತೊಡಗಿದಳು. ಅವಳ ಹೆಜ್ಜೆಯೂ ಈಗ ಹಾಗೇ ಸದ್ದು ಮಾಡುತ್ತಿತ್ತು. ಟಕ್, ದುಮ್. ಅದು ಕೆಳಗಿನ ಕೋಣೆಗೂ ಕೇಳುತ್ತಿರಬೇಕು. ತಿರುವಿನ ಹತ್ತಿರ ಬಂದಾಗ ಕೆಳಗಿನಿಂದ ದನಿ ಬಂತು:

"ಮಲಗೋ ಮುಂಚೆ ಪಟ್ಟಿ ಬಿಚ್ಚಿ. ಹಾಗೇ ಬಿಟ್ರೆ ಬೆರಳು ಮರಗಟ್ತವೆ."

ಪಟ್ಟಿಯಕ್ಕ ಅಲ್ಲೇ ನಿಂತಳು. ಆ ವಾಕ್ಯದ ಕೊನೆಗೆ ಮೊದಲೆಲ್ಲ ಒಂದು "ಅಕ್ಕಾ" ಇರುತ್ತಿತ್ತು. ಬರಬಹುದು ಅಂತ ಕಾದಳು. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಸುಂಯ್ ಅಂದ ಸದ್ದು ಬಂತು. ಇನ್ನೂ ಸ್ವಲ್ಪ ಹೊತ್ತು ಕಾದು, ಉಳಿದ ಒಂಬತ್ತು ಮೆಟ್ಟಿಲು ಹತ್ತಿದಳು.